ಪಟ್ಟೆಯ ಅಂಚು

ನನ್ನ ಗಂಡ ಕಾರು ಮಾಡುತ್ತಾರೆ ಎಂಬುದು ಮದುವೆಯಾಗಿ ಮಾನ್ವಿಗೆ ಬಂದ ಮೇಲೆಯೇ ನನಗೆ ಗೊತ್ತಾದದ್ದು. ದೇವದುರ್ಗದಲ್ಲಿ ನಮ್ಮಪ್ಪನಿಗೆ ಹೇಳಿದ್ದು ಇಷ್ಟೇ: ಹುಡುಗ ಕಾಲುವೆ ಆಫೀಸಿನಲ್ಲಿ ನಕಾಶೆ ಬರೆಯುತ್ತಾನೆ, ಕುಡಿಯುವುದಿಲ್ಲ, ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ. ನಮ್ಮ ಎರಡೂ ಮನೆಗಳಲ್ಲಿ ಕೂಲಿ ಬಿಟ್ಟು ನೌಕರಿಗೆ ಸೇರಿದ ಮೊದಲ ಮನುಷ್ಯ ಅವರು. ಅಪ್ಪನಿಗೆ ಅಷ್ಟು ಸಾಕಾಗಿತ್ತು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು.

ಒಂದು ಭಾನುವಾರ ಅವರು ಟ್ರಂಕು ತೆಗೆದು, ಹಳೆಯ ಧೋತರದಲ್ಲಿ ಸುತ್ತಿಟ್ಟಿದ್ದ ಒಂದು ಜೀಪನ್ನು ನನ್ನ ಮುಂದೆ ಇಟ್ಟರು. ಗೇಣಿಗಿಂತ ಸಣ್ಣದು. ಅವರ ಆಫೀಸಿನ ಜೀಪೇ ಅದು. ಹಿಂದೆ ನೇತಾಡುವ ಹೆಚ್ಚಿನ ಚಕ್ರ, ಮುಂದಿನ ಗಾಜಿನ ಚೌಕಟ್ಟು, ಒಂದು ಕಡೆ ನೆಗ್ಗಿದ ಮಡ್‌ಗಾರ್ಡು ಕೂಡ ಹಾಗೇ ಇತ್ತು. ನಿಜವಾದ ಜೀಪಿನ ಒಂದು ಅಡಿಗೆ ಇದರಲ್ಲಿ ಅರ್ಧ ಇಂಚು ಎಂದು ವಿವರಿಸಿದರು. ನಕಾಶೆ ಬರೆಯುವವರಲ್ಲವೇ, ಆಫೀಸಿನ ಡ್ರೈವರ್ ಊಟಕ್ಕೆ ಹೋದಾಗ ಟೇಪು ಹಿಡಿದು ಜೀಪಿನ ಮೈಯೆಲ್ಲ ಅಳೆದಿದ್ದರಂತೆ. ಮೈ ಹಗುರ ಕಟ್ಟಿಗೆಯದು, ಚಕ್ರ ಹಳೆಯ ಚಪ್ಪಲಿಯ ರಬ್ಬರಿನದು, ದೀಪಗಳು ಗಾಜಿನ ಮಣಿ.

ಇದನ್ನೆಲ್ಲ ಯಾಕೆ ಮಾಡುತ್ತೀರಿ ಎಂದು ಕೇಳಿದೆ. ಗೇಲಿಗೆ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಬೇಕಿತ್ತು.

"ನಮ್ಮಂಥೋರಿಗಿ ಕಾರು ತಗೊಳ್ಳಾಕ ಆಗಂಗಿಲ್ಲ," ಅಂದರು. "ಮಾಡಾಕ ಆಗ್ತದ."

ಅವರಿಗೆ ಎಲ್ಲ ಬರುತ್ತಿತ್ತು, ಒಂದನ್ನು ಬಿಟ್ಟು. ರಾಯಚೂರಿನ ಒಂದು ರದ್ದಿ ಅಂಗಡಿಯಲ್ಲಿ ಯಾವುದೋ ಪರದೇಶದ ಪತ್ರಿಕೆಯ ಹಾಳೆ ಸಿಕ್ಕಿತ್ತು. ಅದರಲ್ಲಿ ಪಂದ್ಯಕ್ಕೆ ಓಡುವ ಒಂದು ನೀಲಿ ಕಾರು. ಮೂತಿಯಿಂದ ಹಿಡಿದು ಮಾಡಿನ ಮೇಲೆ ಹಾದು ಹಿಂದಿನ ತುದಿಯವರೆಗೂ ಅಕ್ಕಪಕ್ಕ ಎರಡು ಬಿಳಿ ಪಟ್ಟೆಗಳು. ಕಾರು ಕೆತ್ತಿ, ಪಾಲಿಶ್ ಕಾಗದದಲ್ಲಿ ತಿಕ್ಕಿ ತಿಕ್ಕಿ ಗಾಜಿನಂತೆ ನುಣುಪು ಮಾಡಿ, ನೀಲಿ ಹಚ್ಚಿ ಇಟ್ಟಿದ್ದರು. ಪಟ್ಟೆ ಮಾತ್ರ ಕೂರುತ್ತಿರಲಿಲ್ಲ. ಬರಿಗೈಯಲ್ಲಿ ಎಳೆದರೆ ಮಾಡು ಇಳಿಜಾರಾಗುವಲ್ಲಿ ಕುಂಚ ಸೊಟ್ಟಾಗುತ್ತಿತ್ತು. ಸೆಲೋಟೇಪು ಹಚ್ಚಿ ನೋಡಿದರು. ಕಿತ್ತಾಗ ಕೆಳಗಿನ ನೀಲಿಯೂ ಸಿಪ್ಪೆಯಂತೆ ಎದ್ದು ಬಂತು. ದವಾಖಾನೆಯಲ್ಲಿ ಗಾಯಕ್ಕೆ ಹಚ್ಚುವ ಬಟ್ಟೆಯ ಪಟ್ಟಿ ತಂದರು. ಅದರ ನೂಲಿನ ಸಂದಿಯಲ್ಲೆಲ್ಲ ಬಣ್ಣ ನುಗ್ಗಿ ಅಂಚು ಜಿರಳೆ ತಿಂದಂತಾಯಿತು. ಪ್ರತಿ ಸಲವೂ ಪೂರ್ತಿ ತಿಕ್ಕಿ ತೆಗೆದು ಮತ್ತೆ ಮೊದಲಿಂದ ನೀಲಿ.

ನಾನು ಏಳನೆಯ ಇಯತ್ತೆವರೆಗೆ ಓದಿದವಳು, ಮನೆಗೆ ಕಾಗದ ಬರೆಯುತ್ತಿದ್ದೆ. ಒಂದು ದಿನ ಪೋಸ್ಟ್ ಆಫೀಸಿನಲ್ಲಿ ನಿಂತಿದ್ದಾಗ, ಅಲ್ಲಿದ್ದವರು ಸ್ಟಾಂಪಿನ ಹಾಳೆಯ ಸುತ್ತಲಿನ ಬಿಳಿ ಅಂಚನ್ನು ಹರಿದು ನೆಲಕ್ಕೆ ಚೆಲ್ಲುವುದನ್ನು ನೋಡಿದೆ. ತೆಳ್ಳಗಿನ ಕಾಗದ, ಹಿಂದೆ ಅಂಟು, ಒಂದು ಬದಿ ನೇರ. ಕೇಳಿದೆ, ಒಯ್ಯಮ್ಮ ಎಂದು ಮುಷ್ಟಿ ತುಂಬ ಕೊಟ್ಟರು. ಮನೆಗೆ ಬಂದು ಗಂಡನ ಮುಂದೆ ಹರವಿದೆ. ಅವರು ಒಂದನ್ನು ಎತ್ತಿ ನಾಲಿಗೆಗೆ ತಾಗಿಸಿ ಉಗುರಿನ ಮೇಲೆ ಹಚ್ಚಿಕೊಂಡು, ನನ್ನನ್ನು ನೋಡಿ ನಕ್ಕದ್ದು ಈಗಲೂ ಕಣ್ಣಮುಂದಿದೆ. ಎಣ್ಣೆಬಣ್ಣ ನೀರಿಗೆ ಅಂಜುವುದಿಲ್ಲ. ಬಣ್ಣ ಒಣಗಿದ ಮೇಲೆ ಒದ್ದೆ ಬಟ್ಟೆ ಇಟ್ಟರೆ ಕಾಗದ ತಾನಾಗಿಯೇ ನೆನೆದು ಸಡಿಲಾಗುತ್ತದೆ, ಕೆಳಗಿನ ನೀಲಿ ಹಾಗೇ ಉಳಿಯುತ್ತದೆ.

ಅಂದಿನಿಂದ ಆ ಕೆಲಸ ನನ್ನದಾಯಿತು. ಅವರು ಬ್ಲೇಡಿನಿಂದ ಕಾಗದವನ್ನು ಅಳತೆಗೆ ಕತ್ತರಿಸಿ ಕೊಡುವುದು, ನಾನು ಎಂಜಲು ಹಚ್ಚಿ ಕಾರಿನ ಮೈಮೇಲೆ ಕೂರಿಸುವುದು. ಕೂರಿಸುವುದೆಂದರೆ ಬರೀ ಅಂಟಿಸುವುದಲ್ಲ. ಅಂಚನ್ನು ಉದ್ದಕ್ಕೂ ಒತ್ತಿಕೊಂಡು ಹೋಗಬೇಕು, ಎಲ್ಲೂ ಕೂದಲೆಳೆಯಷ್ಟೂ ಬಾಯಿ ಬಿಟ್ಟಿರಬಾರದು. ಅಡಿಗೆ ಮಾಡುವ ಕೈ ನನ್ನದು, ಹೆಬ್ಬೆರಳು ತೋರುಬೆರಳು ಒರಟಾಗಿದ್ದವು. ಬಲಗೈಯ ಕಿರುಬೆರಳು ಮಾತ್ರ ಮೆತ್ತಗಿತ್ತು. ಅದರ ತುದಿಯನ್ನು ಅಂಚಿನ ಮೇಲೆ ಎಳೆದರೆ, ಕಾಗದ ಎಲ್ಲಿ ಎದ್ದಿದೆ ಎಂದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತಿತ್ತು.

ಇನ್ನೊಂದು ಉಪಾಯ ಆಕಸ್ಮಿಕವಾಗಿ ಸಿಕ್ಕಿತು. ಕಾಗದ ಹಚ್ಚಿಟ್ಟ ಕಾರಿಗೆ ಬಿಳಿ ಹಚ್ಚಬೇಕಿದ್ದಲ್ಲಿ, ಡಬ್ಬಿ ನೋಡದೆ ನಾನು ನೀಲಿಯನ್ನೇ ಹಚ್ಚಿಬಿಟ್ಟೆ. ಹೋಗಲಿ ಬಿಡು ಎಂದು ಅವರು ಅದು ಒಣಗಿದ ಮೇಲೆ ಬಿಳಿ ಹಚ್ಚಿದರು. ಕಾಗದ ತೆಗೆದಾಗ ಬಂದ ಗೆರೆಯಷ್ಟು ಚೊಕ್ಕ ಗೆರೆ ಅದುವರೆಗೆ ಬಂದಿರಲಿಲ್ಲ. ಅಂಚಿನ ಸಂದಿಗೆ ಮೊದಲೇ ನೀಲಿ ಹೋಗಿ ತುಂಬಿಕೊಂಡಿತ್ತು. ಬಿಳಿಗೆ ನುಗ್ಗಲು ಜಾಗವೇ ಇರಲಿಲ್ಲ. ಮುಂದೆ ಪ್ರತಿಯೊಂದು ಕಾರಿಗೂ ಹಾಗೇ ಮಾಡಿದೆವು. ತಗಣಿ ಔಷಧ ಹೊಡೆಯುವ ಕೈಪಂಪನ್ನು ತೊಳೆದು, ಬಣ್ಣ ತೆಳ್ಳಗೆ ಮಾಡಿ ಅದರಿಂದಲೇ ಸಿಂಪಡಿಸುವುದನ್ನೂ ಕಲಿತೆವು.

ಕಾಗದ ಬಿಚ್ಚುವಾಗ ಮನೆಯಲ್ಲಿ ಯಾರೂ ಮಾತಾಡುವ ಹಾಗಿರಲಿಲ್ಲ. ನೆನೆದ ಕಾಗದದ ತುದಿಯನ್ನು ಎತ್ತಿ, ಓರೆಯಾಗಿ, ತನ್ನ ಮೇಲೆಯೇ ಮಡಿಚಿಕೊಂಡು ಬರುವ ಹಾಗೆ ಮೆಲ್ಲಗೆ ಎಳೆಯಬೇಕು. ಕೆಳಗಿನಿಂದ ನೀಲಿಯೂ ಬಿಳಿಯೂ ಒಂದಕ್ಕೊಂದು ತಾಗಿಕೊಂಡು, ಒಂದರೊಳಗೊಂದು ಹೋಗದೆ, ತೆರೆದುಕೊಳ್ಳುತ್ತಾ ಬರುತ್ತಿದ್ದವು. ಅದನ್ನು ನೋಡುವ ಸುಖ ಹೇಗೆ ಹೇಳಲಿ? ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದ ನಮ್ಮತ್ತೆ, ಗಂಡ ಹೆಂಡತಿ ಆಟಿಗಿ ಮಾಡಿಕೋತ ಕುಂತಾರ ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ನಮ್ಮನ್ನು ಕಂಡರೆ ಅವರಿಗೆ ಪ್ರೀತಿ ಇತ್ತು. ಈ ಮಾತನ್ನು ಇಲ್ಲಿಯೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನದನ್ನು ಕೇಳಿದವರು ಅವರನ್ನು ಕೆಟ್ಟವರು ಎಂದುಕೊಳ್ಳುತ್ತಾರೆ.

ಮಗಳು ಹುಟ್ಟಿದಳು. ಅಂಬೆಗಾಲಿಡುವ ವಯಸ್ಸಿಗೇ ಚಕ್ರಗಳನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅವಳಿಗೆಂದೇ ಚೂಪು ಇಲ್ಲದ, ಗುಂಡು ಗುಂಡಾದ ಒಂದು ಕೆಂಪು ಕಾರು ಮಾಡಿ, ನಡುವೆ ಒಂದೇ ಒಂದು ಅಗಲ ಹಳದಿ ಪಟ್ಟೆ ಹಾಕಿದೆವು. ಪೋತ್ನಾಳದ ಕಡೆ ಕಾಲುವೆ ಕೆಲಸ ನೋಡಲು ಹೋದ ಗಂಡ ಸಂಜೆ ಬರುವಷ್ಟರಲ್ಲಿ ಅವಳು ಅದನ್ನು ಅಂಗಳದ ಕೆಸರಲ್ಲಿ ಹೂತಿರುತ್ತಿದ್ದಳು. ತೊಳೆದು ಕೊಟ್ಟರೆ ಮತ್ತೆ ಹೂಳುವಳು.

ಅವಳಿಗೆ ಎರಡು ತುಂಬಿ ಮೂರು ನಡೆಯುತ್ತಿದ್ದಾಗ ಪಟ್ಟೆಗಳು ಕೆಡತೊಡಗಿದವು. ಮೊದಲು ತಪ್ಪನ್ನು ಅಂಟಿನ ಮೇಲೆ ಹಾಕಿದೆ, ಕಾಗದ ಹಳೆಯದಿರಬೇಕು ಎಂದುಕೊಂಡೆ. ಹೊಸದು ತಂದೆ. ಆದರೂ ಕಾಗದ ಬಿಚ್ಚಿದಾಗ ಅಂಚಿನಲ್ಲಿ ಅಲ್ಲಲ್ಲಿ ಬಿಳಿ ಒಳಗೆ ಹರಿದು ಸಣ್ಣ ಸಣ್ಣ ಬೇರು ಬಿಟ್ಟಿರುತ್ತಿತ್ತು. ನಾನು ಸರಿಯಾಗಿಯೇ ಒತ್ತಿದ್ದೆ, ಉದ್ದಕ್ಕೂ ಒತ್ತಿದ್ದೆ. ಎದ್ದ ಜಾಗ ಒಂದೂ ಸಿಕ್ಕಿರಲಿಲ್ಲ. ಸಿಕ್ಕಿರಲಿಲ್ಲ ಎಂಬುದೇ ತಪ್ಪಾಗಿತ್ತು ಎಂದು ನನಗೆ ಹೊಳೆಯಲಿಲ್ಲ. ಹೊಳೆದದ್ದು ಗಂಡನಿಗೆ.

ಒಂದು ಮಧ್ಯಾಹ್ನ ಅವರು ಕೆಟ್ಟ ಕಾರನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಹತ್ತಿರ ಕೂರಿಸಿಕೊಂಡು, ಕೈ ಚಾಚಿ ಕಣ್ಣು ಮುಚ್ಚು ಅಂದರು. ಒಣ ಕುಂಚದ ತುದಿಯಿಂದ ಒಂದೊಂದೇ ಬೆರಳು ಮುಟ್ಟಿ ಯಾವುದು ಎಂದು ಕೇಳಿದರು. ಹೆಬ್ಬೆರಳು ಅಂದೆ. ತೋರುಬೆರಳು ಅಂದೆ. ಆಟ ಎಂದುಕೊಂಡು ನಗುತ್ತಿದ್ದೆ.

"ಈಗ?" ಅಂದರು.

ನಾನು ಕಾದೆ. "ಮುಟ್ರಿ ಮತ್ತ," ಅಂದೆ.

ಕಣ್ಣು ತೆರೆದೆ. ಕುಂಚ ನನ್ನ ಕಿರುಬೆರಳಿನ ಮೇಲಿತ್ತು. ಅದರ ಕೂದಲು ಬಾಗುವಷ್ಟು ಒತ್ತಿ ಹಿಡಿದಿದ್ದರು.

ಬಲಮೊಣಕೈಯ ಹತ್ತಿರ ನನಗೊಂದು ಬಿಳಚು ಕಲೆ ಇತ್ತು. ಸಿಬ್ಬು ಎಂದುಕೊಂಡು ಬಿಟ್ಟಿದ್ದೆ. ರಾಯಚೂರಿನ ದವಾಖಾನೆಯಲ್ಲಿ ಡಾಕ್ಟರು ಆ ಕಲೆಯನ್ನು ಹತ್ತಿಯ ಎಳೆಯಿಂದ ಮುಟ್ಟಿ, ಮೊಣಕೈಯ ಹಿಂದಿನ ನರವನ್ನು ಬೆರಳಿನಿಂದ ಹುಡುಕಿ, ಅದು ಹಗ್ಗದಂತೆ ದಪ್ಪಗಾಗಿದೆ ಎಂದು ಗಂಡನಿಗೂ ಮುಟ್ಟಿ ತೋರಿಸಿದರು. ರೋಗದ ಹೆಸರನ್ನು ನೇರವಾಗಿಯೇ ಹೇಳಿದರು. ನಮ್ಮ ಕಡೆ ಆ ಹೆಸರನ್ನು ಯಾರೂ ಬಾಯಿಂದ ಹೇಳುವುದಿಲ್ಲ, ದೊಡ್ಡ ರೋಗ ಎನ್ನುತ್ತಾರೆ. ಗುಳಿಗೆ ತಗೊಂಡರೆ ವಾಸಿಯಾಗುತ್ತದೆ, ನಿಮ್ಮದು ಒಬ್ಬರಿಂದೊಬ್ಬರಿಗೆ ಹತ್ತುವ ನಮೂನೆಯದಲ್ಲ, ಮಗುವನ್ನು ಬೇಕಾದರೆ ಈಗಲೇ ಎತ್ತಿಕೊಳ್ಳಿ ಎಂದೂ ಹೇಳಿದರು. ಹೋದ ಸ್ಪರ್ಶ ಮಾತ್ರ ತಿರುಗಿ ಬರುವುದು ಕಷ್ಟ ಅಂದರು.

ನಾನು ಎತ್ತಿಕೊಳ್ಳಲಿಲ್ಲ. ಬಸ್ಸಿನಲ್ಲಿ ಅವಳು ಅಪ್ಪನ ತೊಡೆಯ ಮೇಲೆ ಮಲಗಿ ಬಂದಳು.

ಅತ್ತೆಯಿಂದ ಮುಚ್ಚಿಡುವುದು ಆಗಲಿಲ್ಲ. ಅವರು ಕೂಗಾಡಲಿಲ್ಲ. ಗೋಡೆಗೆ ಒರಗಿ ಕೂತುಬಿಟ್ಟರು. ಮಲ್ಲಟದಲ್ಲಿ ಅವರ ತವರುಮನೆ. ಚಿಕ್ಕಂದಿನಲ್ಲಿ ಅವರ ಸೋದರತ್ತೆಯೊಬ್ಬಳಿಗೆ ಇದೇ ಆಗಿ, ಊರ ಹೊರಗೆ ಗುಡಿಸಲು ಹಾಕಿಕೊಟ್ಟಿದ್ದರಂತೆ. ದೂರದಿಂದ ರೊಟ್ಟಿ ಎಸೆದು ಬರುವ ಕೆಲಸ ಇವರದಾಗಿತ್ತಂತೆ. ಅದನ್ನು ಅಂದೇ ಮೊದಲ ಸಲ ಹೇಳಿದರು. ಡಾಕ್ಟರು ಹೇಳಿದ್ದನ್ನು ಮಗ ಎಷ್ಟು ಸಲ ಹೇಳಿದರೂ ತಲೆ ಆಡಿಸಿ ಕೇಳಿದರು, ಕೊನೆಗೆ ನನ್ನ ಕಡೆ ತಿರುಗಿದರು.

"ಯವ್ವಾ, ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ಕೂಸಿನ್ನ ಇಲ್ಲಿ ಬಿಡಾಕ ನನ್ನ ಕೈಲೆ ಆಗಂಗಿಲ್ಲ."

ಗಂಡನ ಅಣ್ಣ, ನನ್ನ ಭಾವ, ರಾಯಚೂರಿನಲ್ಲಿ ಹತ್ತಿ ಮಿಲ್ಲಿನ ಕೆಲಸದಲ್ಲಿದ್ದರು. ಅವರಿಗೂ ಅವರ ಹೆಂಡತಿ ನನ್ನ ನೆಗೆಣ್ಣಿಗೂ ಮಕ್ಕಳಿರಲಿಲ್ಲ. ನನಗೆ ವಾಸಿಯಾಗುವವರೆಗೆ ಮಗಳು ಅವರ ಮನೆಯಲ್ಲಿರಲಿ ಎಂದು ಮಾತಾಯಿತು. ನನಗೂ ಭಯವಿತ್ತು. ಡಾಕ್ಟರ ಮಾತು ನಂಬಿದ ಗಳಿಗೆಯಲ್ಲಿ ಬೇಡ ಎನ್ನುತ್ತಿದ್ದೆ, ಅವಳ ಮೈಮೇಲೆ ಸೊಳ್ಳೆ ಕಚ್ಚಿದ ಚಿಕ್ಕ ಗಾಯ ಕಂಡರೂ ಕರೆದುಕೊಂಡು ಹೋಗಿ ಎನ್ನುತ್ತಿದ್ದೆ. ಹೋಗುವ ದಿನ ಅವಳ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ್ದು ಅತ್ತೆ. ಅವಳು ಅಜ್ಜಿಯ ಕಂಕುಳಲ್ಲಿ ಕೂತು, ನಾನೂ ಬರುತ್ತೇನೆಂದೇ ತಿಳಿದು, ಚಪ್ಪಲಿ ಹಾಕಿಕೋ ಎಂದು ನನ್ನ ಕಾಲನ್ನು ತೋರಿಸುತ್ತಿದ್ದಳು. ಓಣಿಯ ತಿರುವಿನಲ್ಲಿ ನಾನು ಬರುತ್ತಿಲ್ಲ ಎಂದು ಗೊತ್ತಾಗಿ ಅತ್ತದ್ದು ಕೇಳಿಸಿತು. ಆಮೇಲೆ ಬಸ್ ಸ್ಟ್ಯಾಂಡಿನ ಗದ್ದಲ.

ಅತ್ತೆ ಅವಳ ಜೊತೆಗೇ ಹೋದವರು ಅಲ್ಲಿಯೇ ಉಳಿದರು. ಮನೆಯಲ್ಲಿ ನಾವಿಬ್ಬರೇ. ಗಂಡ ಒಂದು ದಿನವೂ ನನ್ನ ತಟ್ಟೆ ಬೇರೆ ಮಾಡಲಿಲ್ಲ, ಹಾಸಿಗೆ ಬೇರೆ ಮಾಡಲಿಲ್ಲ. ನಾನೇ ಮಾಡಿಕೊಂಡರೆ ಅವರು ಬಂದು ಪಕ್ಕದಲ್ಲಿ ಮಲಗುತ್ತಿದ್ದರು.

ಬಿಳಿ ಗುಳಿಗೆಗಳನ್ನು ತರಲು ನಾನು ಆಗಾಗ ರಾಯಚೂರಿಗೆ ಹೋಗುತ್ತಿದ್ದೆ. ಭಾವನ ಮನೆ ದವಾಖಾನೆಯಿಂದ ದೂರವಿರಲಿಲ್ಲ. ಬಹಳ ದಿನ ತಡೆದುಕೊಂಡು ಒಮ್ಮೆ ಹೋದೆ. ನೆಗೆಣ್ಣಿ ನನ್ನನ್ನು ಕಂಡು ಗಾಬರಿಯಾದರೂ ಒಂದು ಕುರ್ಚಿ ತಂದು ಹೊರಗೆ ಬೇವಿನ ನೆರಳಿಗೆ ಹಾಕಿದಳು. ಮಗಳು ಬಾಗಿಲ ಹಿಂದಿನಿಂದ ಇಣುಕಿದಳು. ಉದ್ದವಾಗಿದ್ದಳು. ಅವಳ ಲಂಗದ ಬಣ್ಣ ನನಗೆ ಗೊತ್ತಿಲ್ಲದ್ದು.

"ಯವ್ವಾ, ಯಾರು ಈಕಿ?" ಎಂದು ನೆಗೆಣ್ಣಿಯ ಸೆರಗು ಎಳೆದು ಕೇಳಿದಳು.

ನೆಗೆಣ್ಣಿ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. "ಚಿಗವ್ವ," ಅಂದಳು.

ಚಿಗವ್ವ ಎಂದರೆ ಚಿಕ್ಕಮ್ಮ. ನಾನು ಹೌದೆಂದು ತಲೆ ಆಡಿಸಿದೆ. ಬೇರೆ ಏನು ಮಾಡಬೇಕಿತ್ತೋ ಇಂದಿಗೂ ತಿಳಿದಿಲ್ಲ. ಬಾಗಿಲ ಹಿಂದಿನ ಮಗುವಿಗೆ ಒಬ್ಬ ಅವ್ವ ಇದ್ದಳು. ಅವಳ ಸೆರಗು ಕೈಯಲ್ಲಿತ್ತು. ಅದನ್ನು ಬಿಡಿಸಿ ನನ್ನ ಸೆರಗು ಹಿಡಿ ಎಂದು ಹೇಳುವ ಗಟ್ಟಿತನ ನನ್ನಲ್ಲಿರಲಿಲ್ಲ. ನನ್ನ ಗಂಡನೂ ಆ ಮನೆಯಲ್ಲಿ ಕಾಕಾ ಆಗಿಹೋಗಿದ್ದರು.

ಪ್ರತಿ ಉಗಾದಿಗೆ ಅವಳಿಗೊಂದು ಕಾರು ಮಾಡಿ ಕಳಿಸುವುದೆಂದು ನಾನೇ ಹೇಳಿದೆ. ನನ್ನ ಕಿರುಬೆರಳೂ ಅದರ ಪಕ್ಕದ್ದೂ ಆಗಲೇ ಒಳಕ್ಕೆ ಮಡಿಚಿಕೊಳ್ಳತೊಡಗಿದ್ದವು. ಮೊದಲ ವರ್ಷ ಎಡಗೈಯಿಂದ ಒತ್ತಿದೆ. ಪಟ್ಟೆಯ ಬಲ ಅಂಚು ಸಣ್ಣ ಅಲೆಯಂತೆ ಬಂತು. ಮರುವರ್ಷ ಒಡೆದ ಬಳೆಯ ಚೂರನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿ, ಅದರಿಂದ ಕಾಗದದ ಅಂಚನ್ನು ಒತ್ತಿದೆ. ಬೆರಳಿಗೆ ತಿಳಿಯದ್ದನ್ನು ಕಣ್ಣಿನಿಂದ ತಿಳಿಯುವುದನ್ನು ಕಲಿಯಬೇಕೆಂದು ದವಾಖಾನೆಯಲ್ಲಿ ಹೇಳಿದ್ದರು, ಒಲೆಯ ಹತ್ತಿರ ಸುಟ್ಟುಕೊಳ್ಳದಿರಲಿ ಎಂದು. ನಾನು ಅದನ್ನು ಪಟ್ಟೆಗೂ ಕಲಿತೆ. ಕಾರನ್ನು ಬೆಳಕಿಗೆ ಅಡ್ಡ ಹಿಡಿದರೆ, ಕಾಗದ ಎದ್ದಲ್ಲಿ ಕೂದಲಿನಷ್ಟು ನೆರಳು ಕಾಣುತ್ತದೆ.

ಗಂಡ ಕಾರನ್ನು ಚೀಲದಲ್ಲಿಟ್ಟುಕೊಂಡು ರಾಯಚೂರಿಗೆ ಹೋಗುವರು, ಸಂಜೆ ಬಂದು ವರದಿ ಒಪ್ಪಿಸುವರು. ಮೊದಲ ವರ್ಷ ದಾರ ಕಟ್ಟಿ ಎಳೆಯುತ್ತಾಳೆ ಅಂದರು. ಇನ್ನೊಂದು ವರ್ಷ ಮಂಚದ ಕೆಳಗೆ ಗ್ಯಾರೇಜು ಮಾಡಿದ್ದಾಳೆ ಅಂದರು. ಅವಳಿಗೆ ಹಳದಿ ಇಷ್ಟವಂತೆ ಅಂದರು. ಮರುವರ್ಷ ಪೂರ್ತಿ ಹಳದಿಯ ಮೇಲೆ ಎರಡು ಕಪ್ಪು ಪಟ್ಟೆಗಳ ಅಂಬಾಸಿಡರ್ ಮಾಡಿದೆ. ನಾನು ರೊಟ್ಟಿ ತಟ್ಟುತ್ತಾ ಆ ಮಾತುಗಳನ್ನೇ ಮತ್ತೆ ಮತ್ತೆ ಹೇಳಿಸುತ್ತಿದ್ದೆ. ಚಕ್ರ ಕಳಚಿತೇನು, ಯಾರ ಜೊತೆ ಆಡುತ್ತಾಳೆ, ರಾತ್ರಿ ಎಲ್ಲಿಡುತ್ತಾಳೆ. ಕೇಳಿದ್ದಕ್ಕೆಲ್ಲ ಅವರಲ್ಲಿ ಉತ್ತರವಿತ್ತು.

ಎಂಬತ್ತರ ದಶಕದಲ್ಲಿ ಹೊಸ ಔಷಧಗಳು ಬಂದವು. ಕೊನೆಗೊಂದು ದಿನ ಡಾಕ್ಟರು, ನಿನಗಿನ್ನು ರೋಗವಿಲ್ಲ, ಇನ್ನು ಬರುವುದು ಬೇಡ ಅಂದರು. ಬೆರಳು ಮಾತ್ರ ಮಡಿಚಿದಂತೆಯೇ ಉಳಿದವು. ಅದನ್ನು ಕೇಳಿದ ದಿನವೇ ನಾವಿಬ್ಬರೂ ಭಾವನ ಮನೆಗೆ ಹೋದೆವು. ಮಗಳನ್ನು ಕರೆದೊಯ್ಯುವ ಮಾತನ್ನು ಗಂಡ ತೆಗೆದರು. ಭಾವ ತಲೆ ತಗ್ಗಿಸಿದರು. ನೆಗೆಣ್ಣಿ ಒಳಗೆ ಹೋಗಿ ಅಡಿಗೆಮನೆಯಲ್ಲಿ ಕೂತು ಅತ್ತಳು. ಬಾಯಿಗೆ ಸೆರಗು ತುರುಕಿಕೊಂಡು ಅಳುವ ಆ ಸದ್ದು ನನಗೆ ಚೆನ್ನಾಗಿ ಗೊತ್ತಿತ್ತು. ಮಗಳು ಸಾಲೆಯಿಂದ ಬಂದವಳು ಪಾಟಿಚೀಲ ಎಸೆದು ಸೀದಾ ಅಲ್ಲಿಗೇ ಓಡಿದಳು, ಯಾಕವ್ವ ಅಳತಿ ಎಂದು ಕೇಳುತ್ತಾ.

ನಾನು ಗಂಡನಿಗೆ ಏಳಿರಿ ಅಂದೆ. ದಾರಿಯಲ್ಲಿ ಅವರು ಯಾಕೆ ಎಂದು ಕೇಳಿದರು.

"ಅಳಿಸಿ ಕರಕೊಂಡು ಹೋದ್ರು ಒಮ್ಮಿ," ಅಂದೆ. "ಮತ್ತೊಮ್ಮಿ ಅಳಿಸಿ ಕರಕೊಂಡು ಬರೋದು ಬ್ಯಾಡ್ರಿ."

ಬೇಸಿಗೆಯ ಸೂಟಿಯಲ್ಲಿ ನಾಲ್ಕು ದಿನ ಕಳಿಸಲು ಮಾತ್ರ ಭಾವನ ಮನೆಯವರು ಒಪ್ಪಿದರು. ಹಾಗೆ ಅವಳು ಮೊದಲ ಸಲ ಚಿಗವ್ವನ ಮನೆಗೆಂದು ಮಾನ್ವಿಗೆ ಬಂದಳು. ಹನ್ನೊಂದು ವರ್ಷದ ಹುಡುಗಿ, ಅಪ್ಪನ ಹುಬ್ಬು, ನನ್ನ ಗದ್ದ. ಬಂದವಳೇ ಚೀಲ ಬಿಚ್ಚಿ ಒಂದು ಸ್ಟೀಲಿನ ತಟ್ಟೆ, ಒಂದು ಲೋಟ ತೆಗೆದು ಹೊರಗಿಟ್ಟಳು.

"ಚಿಗವ್ವ, ನನಗ ಇದ್ರಾಗ ಹಾಕು. ಆಯಿ ಹೇಳ್ಯಾಳ."

ಆಯಿ ಎಂದರೆ ನಮ್ಮತ್ತೆ. ಹುಡುಗಿಯ ಮಾತಿನಲ್ಲಿ ಯಾವ ಕಹಿಯೂ ಇರಲಿಲ್ಲ, ಹೇಳಿದ್ದನ್ನು ಹೇಳಿದಳು ಅಷ್ಟೇ. ನಾನು ಎತ್ತರದಿಂದ ನೀರು ಹೊಯ್ದೆ. ಅವಳು ಕುಡಿದು, ತಾನೇ ತೊಳೆದು, ಒರೆಸಿ, ಚೀಲದ ಪಕ್ಕದಲ್ಲಿಟ್ಟುಕೊಂಡಳು. ಪ್ರತಿ ಊಟಕ್ಕೂ ಹಾಗೆಯೇ. ಗಂಡ ಎರಡು ತುತ್ತು ತಿಂದು ಎದ್ದುಹೋದರು.

ಎರಡನೆಯ ದಿನ ಗಂಡ ಅರ್ಧ ಮಾಡಿಟ್ಟ ಒಂದು ಹಸಿರು ಕಾರನ್ನು ತೆಗೆದರು. ಅಷ್ಟು ಹೊತ್ತಿಗೆ ಹೈದರಾಬಾದಿನಿಂದ ಬಣ್ಣದ ಅಂಗಡಿಗಳಿಗೆ ಗ್ಯಾರೇಜಿನವರು ಬಳಸುವ ಕಾಗದದ ಟೇಪು ಬರುತ್ತಿತ್ತು, ಎಂಜಲು ಹಚ್ಚುವ ಕಷ್ಟ ತಪ್ಪಿತ್ತು. ಅವಳು ಹತ್ತಿರ ಬಂದು ಕೂತಳು. ನಾನು ಮಾಡಲಾ ಅಂದಳು. ಟೇಪನ್ನು ಹೇಗೆ ಎಳೆಯದೆ ಮಲಗಿಸಬೇಕು, ಮೂತಿಯಿಂದ ಮಾಡಿಗೆ ಏರುವಲ್ಲಿ ಹೇಗೆ ತಾಳಬೇಕು ಎಂದು ನಾನು ಸ್ವಲ್ಪ ದೂರದಿಂದಲೇ ಹೇಳಿದೆ. ಅಂಚನ್ನು ಅವಳು ಯಾರೂ ಹೇಳದೆಯೇ ಕಿರುಬೆರಳಿನಿಂದ ಒತ್ತಿದಳು. ನನ್ನ ಗಂಡ ನನ್ನ ಕಡೆ ನೋಡಿದರು. ನಾನು ಬೇರೆ ಕಡೆ ನೋಡಿದೆ.

ಮೊದಲು ಅಂಚಿಗೆ ಹಸಿರು, ಅದು ಒಣಗಿದ ಮೇಲೆ ಬಿಳಿ. ನಾಲ್ಕನೆಯ ದಿನ ಬೆಳಿಗ್ಗೆ ಅವಳೇ ಟೇಪು ಬಿಚ್ಚಿದಳು. ಗೆರೆ ಎಲ್ಲೂ ಕೆಟ್ಟಿರಲಿಲ್ಲ. ಅವಳು ಉಸಿರು ಬಿಟ್ಟು ನಕ್ಕಳು. ಇದು ನಿನ್ನದು, ಊರಿಗೆ ಒಯ್ಯಿ ಅಂದೆ.

"ಇಲ್ಲೇ ಇರ್ಲಿ ಚಿಗವ್ವ. ಅಲ್ಲಿಗಿ ಒಯ್ದ್ರ ಒಲ್ಯಾಗ ಹಾಕ್ತಾರ. ಸಣ್ಣಾಕಿ ಇದ್ದಾಗ ಕಾಕಾ ಒಂದು ತಂದಿದ್ದ, ಆಯಿ ಅದನ್ನ ಒಲ್ಯಾಗ ಹಾಕಿದ್ಲು. ನಾ ಬಾಳ ಅತ್ತಿದ್ದೆ."

ಒಂದು, ಅಂದಳು. ನಾನು ಕಳಿಸಿದ್ದು ಒಂದಲ್ಲ. ಗಂಡ ಬಾಗಿಲಲ್ಲಿ ನಿಂತಿದ್ದರು. ಅವರ ಮುಖ ನೋಡಿದಾಗ ನಾನು ಏನನ್ನೂ ಕೇಳುವ ಅಗತ್ಯ ಇರಲಿಲ್ಲ. ದಾರ ಕಟ್ಟಿ ಎಳೆದದ್ದು, ಮಂಚದ ಕೆಳಗಿನ ಗ್ಯಾರೇಜು, ಹಳದಿ ಇಷ್ಟವೆಂದದ್ದು, ಎಲ್ಲವನ್ನೂ ಅವರು ಬಸ್ಸಿನಲ್ಲಿ ಬರುತ್ತಾ ಒಬ್ಬರೇ ಕೂತು ಕಟ್ಟಿದ್ದರು.

ಹುಡುಗಿ ಅಂಗಳಕ್ಕೆ ಹೋದ ಮೇಲೆ ಅವರು ಒಳಗೆ ಬಂದರು. "ಮೊದಲ್ನೇದು ನನ್ನ ಕಣ್ಣಮುಂದನ ಹಾಕಿದ್ಲು," ಅಂದರು. "ಆಮ್ಯಾಲಿಂದ ನಾ ಕೊಡಲೇ ಇಲ್ಲ. ನಿನಗ ಹ್ಯಾಂಗ ಹೇಳ್ಲಿ?"

ಎಲ್ಲಿವೆ ಎಂದು ಕೇಳಿದೆ. ಅವರು ಚಪ್ಪಲಿ ಮೆಟ್ಟಿ ಹೊರಟರು. ಅಂದು ಭಾನುವಾರ, ಆಫೀಸಿನ ಕಾವಲುಗಾರನಿಂದ ಕೀಲಿ ತೆಗೆಸಿ, ನಕಾಶೆಯ ಸುರುಳಿಗಳ ಕಪಾಟಿನ ಹಿಂದಿನಿಂದ ಅವುಗಳನ್ನು ತಂದರು. ನಕಾಶೆಯ ಹಳೆಯ ಬಟ್ಟೆಯಲ್ಲಿ ಒಂದೊಂದನ್ನೂ ಬೇರೆ ಬೇರೆ ಸುತ್ತಿದ್ದರು. ಚಾಪೆಯ ಮೇಲೆ ಬಿಚ್ಚಿಟ್ಟರು. ಯಾವ ಕಾರಿನ ಮೈಮೇಲೂ ಒಂದು ಗೀರು ಇರಲಿಲ್ಲ. ಮಗುವಿನ ಕೈ ತಾಗದ ಆಟಿಕೆಗಳು ಹಾಗೇ ಹೊಳೆಯುತ್ತಿದ್ದವು. ನನಗೆ ಆ ಹೊಳಪನ್ನು ನೋಡಲಾಗಲಿಲ್ಲ.

ಮಗಳು ಓಡಿ ಬಂದು ಮಂಡಿಯೂರಿ ಕೂತಳು. ಹಳದಿ ಅಂಬಾಸಿಡರನ್ನು ಎತ್ತಿ, ಇವೆಲ್ಲ ಯಾರವು ಎಂದು ಕೇಳಿದಳು.

"ನಿನ್ನವು," ಅಂದರು ಗಂಡ. "ನಿನ್ನ ಚಿಗವ್ವ ಮಾಡ್ಯಾಳ."

"ನಾ ಅವರಿಗಿ ಏನ್ ಆಗ್ಬೇಕು ಅಂತ ಇಷ್ಟು ಮಾಡ್ಯಾರ?" ಎಂದು ಅವರನ್ನೇ ಕೇಳಿದಳು, ನನ್ನ ಕಡೆ ಬೆರಳು ಮಾಡಿ. ಅವರು ನನ್ನ ಮುಖ ನೋಡಿದರು. ನಾನು ಬೇಡವೆಂದು ಸಣ್ಣಗೆ ತಲೆ ಆಡಿಸಿದೆ. ಅಣ್ಣನ ಮಗಳಲ್ಲವೇನು ಎಂದು ಏನೋ ಗೊಣಗಿದರು. ಅವಳು ಅದನ್ನು ಒಪ್ಪಿಕೊಂಡಳೋ ಇಲ್ಲವೋ, ಮಧ್ಯಾಹ್ನವೆಲ್ಲ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ತಿರುವಿ, ಒಂದರ ಹಿಂದೊಂದು ಓಡಿಸಿ ಆಡಿದಳು. ಹನ್ನೊಂದು ವರ್ಷದವರು ಆಡುವ ಆಟವಲ್ಲ ಅದು, ಚಿಕ್ಕ ಮಕ್ಕಳದು. ಬಾಯಿಂದ ಹಾರ್ನಿನ ಸದ್ದು ಮಾಡುತ್ತಿದ್ದಳು. ನಾನು ಗೋಡೆಗೆ ಒರಗಿ ಕೂತು ನೋಡಿದೆ. ಎಷ್ಟೋ ವರ್ಷ ಕಿವಿಯಿಂದ ಕೇಳಿದ್ದ ಸುಳ್ಳನ್ನು ಒಂದು ಮಧ್ಯಾಹ್ನ ಕಣ್ಣಿಂದ ನಿಜವಾಗಿ ನೋಡಿದೆ.

ಸಂಜೆ ಅವಳು ತಟ್ಟೆ ಲೋಟ ತೊಳೆದು ಚೀಲಕ್ಕೆ ಹಾಕಿಕೊಂಡಳು. ಕಾರುಗಳನ್ನು ಇಲ್ಲಿಯೇ ಬಿಟ್ಟಳು. ಬಸ್ ಸ್ಟ್ಯಾಂಡಿನಲ್ಲಿ ಅವಳಿಗೆ ಕಿಟಕಿಯ ಪಕ್ಕದ ಜಾಗ ಸಿಕ್ಕಿತು. ಗಂಡ ಬಿಟ್ಟುಬರಲು ಜೊತೆಗೆ ಹತ್ತಿದರು. ಬಸ್ಸು ಹೊರಡುವ ಮುಂಚೆ ಅವಳು ಕಿಟಕಿಯಿಂದ ಕೈ ಹೊರಗೆ ಚಾಚಿದಳು. ಟಾಟಾ ಮಾಡಲು ಚಾಚಿದ್ದೋ ಹಿಡಿಯಲಿ ಎಂದೋ ನನಗೆ ತಿಳಿಯಲಿಲ್ಲ. ಹಿಡಿದೆ. ನನ್ನ ಹೆಬ್ಬೆರಳಿಗೂ ತೋರುಬೆರಳಿಗೂ ಅವಳ ಅಂಗೈಯ ಬಿಸಿ ತಿಳಿಯಿತು, ಸ್ವಲ್ಪ ಬೆವರು ತಿಳಿಯಿತು, ಉಗುರಿನ ಸಂದಿಯಲ್ಲಿ ಒಣಗಿದ್ದ ಹಸಿರು ಬಣ್ಣದ ಒರಟು ತಿಳಿಯಿತು. ಮಡಿಚಿದ ಎರಡು ಬೆರಳಿಗೆ ಏನೂ ತಿಳಿಯಲಿಲ್ಲ.

ಅವಳು ಕೈ ಎಳೆದುಕೊಳ್ಳಲಿಲ್ಲ. ಕಂಡಕ್ಟರ್ ಸೀಟಿ ಊದಿದ. ಬಸ್ಸು ಸರಿದ ಮೇಲೂ ನಾನು ನಾಲ್ಕು ಹೆಜ್ಜೆ ಅದರ ಜೊತೆ ಓಡಿದೆ.

ಮರುವರ್ಷದ ಸೂಟಿಗೆ ಅವಳನ್ನು ನೆಗೆಣ್ಣಿಯ ತವರಿಗೆ ಕಳಿಸಿದರಂತೆ. ಅದರ ಮರುವರ್ಷ ಅತ್ತೆ ತೀರಿಕೊಂಡರು. ಮಣ್ಣಿಗೆ ಹೋದಾಗ ಹೆಂಗಸರ ಗುಂಪಿನಲ್ಲಿ ಮಗಳು ನನ್ನ ಪಕ್ಕ ಬಂದು ಕೂತು, ಅಳುತ್ತಾ ಅಳುತ್ತಾ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ಅವಳ ತಲೆ ಜಾರದಂತೆ ನಾನು ಸಂಜೆಯವರೆಗೂ ಅಲುಗಾಡದೆ ಕೂತಿದ್ದೆ. ಮುಂದೆ ಅವಳಿಗೆ ಎಲ್ಲ ಗೊತ್ತಾಯಿತು. ಯಾರು ಹೇಳಿದರೋ ನಾನು ಕೇಳಲಿಲ್ಲ. ಗೊತ್ತಾದ ಮೇಲೂ ಚಿಗವ್ವ ಎಂದೇ ಕರೆಯುತ್ತಾಳೆ. ಒಮ್ಮೆ ಬೇರೆ ರೀತಿ ಕರೆಯಲು ಬಾಯಿ ತೆರೆದು, ಮಾತು ಬಾರದೆ, ನೀರು ಕೊಡು ಅಂದಳು. ನಾನು ಎದ್ದು ತಂದುಕೊಟ್ಟೆ.